‘ಒಂದು ಕೆಟ್ಟರೂ ಇನ್ನೊಂದು ಇದೆಯಲ್ಲ’ ಅಂದರೆ ನಂಬಬೇಡಿ

ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯಲ್ಲಿ ಸಣ್ಣ ವ್ಯವಹಾರ ಮಾಡುವವರೇ, ‘ಒಂದೇ ನಂಬರ್, ಎರಡು ಕಂಪನಿಯ ಲೈನ್’ ಅಂತ ಯಾರಾದರೂ ಮಾರಲು ಬಂದರೆ ಮೊದಲು ಇದನ್ನು ಓದಿ. ವರ್ಷದ ದುಡ್ಡು ಮುಂಗಡ ಕಟ್ಟಿ ಮಂಗ ಆದವನು ನಾನು.

ಅಡಿಕೆಗೆ ಮದ್ದು ಬಿಡುವ ಜನರನ್ನು ಹೊಂದಿಸಿ ಕೊಡುವುದು ನನ್ನ ಕೆಲಸ. ಮಳೆ ಹಿಡಿಯುವ ಮೊದಲಿನ ಆ ಹದಿನೈದು ದಿನ ಫೋನಿಗೆ ಬಿಡುವೇ ಇಲ್ಲ. ವಿಟ್ಲ, ಪುತ್ತೂರು, ಸುಳ್ಯದಿಂದಲೂ ಬರುತ್ತದೆ. ಕೊಳೆರೋಗ ಬಂದ ಮೇಲೆ ಯಾರು ಕೇಳುತ್ತಾರೆ?

ಈ ಲೈನ್ ಮಾರಲು ಬಂದ ಕಂಪನಿಯ ಹುಡುಗ ಹೇಳಿದ್ದು ಹೀಗೆ: “ಸಾರ್, ಕರೆ ಮೊದಲು ನಮ್ಮ ಸರ್ವರಿಗೆ ಬರುತ್ತದೆ. ಅಲ್ಲಿಂದ ನಿಮ್ಮ ಮೊಬೈಲಿಗೆ ಕಳಿಸುತ್ತೇವೆ. 60 ಪರ್ಸೆಂಟ್ ಒಂದು ಕಂಪನಿಯ ಲೈನಿನಲ್ಲಿ, 40 ಪರ್ಸೆಂಟ್ ಇನ್ನೊಂದರಲ್ಲಿ. ಒಂದು ಕೆಟ್ಟರೂ ಇನ್ನೊಂದು ಇದೆಯಲ್ಲ.” ಈ ಕೊನೆಯ ಮಾತು ನೆನಪಿಟ್ಟುಕೊಳ್ಳಿ. ನನಗೆ ಗೊತ್ತಿದ್ದ ಪರ್ಸೆಂಟ್ ಕೊಳೆರೋಗಕ್ಕೆ ಬಿಡುವ ಬೋರ್ಡೋ ಮದ್ದಿನ ಒಂದು ಪರ್ಸೆಂಟ್ ಮಾತ್ರ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು, ಮುಗಿಯಿತು. ಅವನನ್ನು ನಂಬಿ ದುಡ್ಡು ಕಟ್ಟಿದೆ, ನನ್ನ ಹೆಸರಿನ ಬೋರ್ಡಿಗೆ ಹೊಸ ನಂಬರ್ ಬರೆಸಿದೆ, ಚೀಟಿ ಹಂಚಿದೆ.

ಜೂನ್ ಮೊದಲ ವಾರ ಒಂದು ಮದುವೆಯ ಊಟಕ್ಕೆ ಕೂತಿದ್ದೆ. ಎದುರು ಪಂಕ್ತಿಯಿಂದ ಭಾವ ಗಟ್ಟಿಯಾಗಿ ಕೇಳಿದರು. “ಏನು ಭಾವ, ಫೋನು ಎತ್ತದಷ್ಟು ದೊಡ್ಡ ಜನ ಆದೆಯಾ? ಎರಡು ಸಲ ಮಾಡಿದೆ. ಸ್ವಾಗತ ಅಂತ ಒಂದು ಹುಡುಗಿ ಹೇಳುತ್ತಾಳೆ, ರಿಂಗ್ ಆಗುತ್ತದೆ, ನೀನು ಮಾತ್ರ ಇಲ್ಲ. ಮತ್ತೆ ಬೇರೆಯವರನ್ನು ಕರೆಸಿದೆ.” ಎಲ್ಲರೂ ತಿರುಗಿ ನೋಡಿದರು. ನನ್ನ ಮೊಬೈಲ್ ರಿಂಗೇ ಆಗಿರಲಿಲ್ಲ ಮಾರಾಯ್ರೇ! ಹೇಳಿದರೆ ಯಾರು ನಂಬುತ್ತಾರೆ?

ಮನೆಗೆ ಬಂದು ಮಡದಿಯ ಫೋನಿನಿಂದ ಮೂರು ಸಲ ಮಾಡಿ ನೋಡಿದೆ. ಮೂರೂ ಬಂತು. ಭಾವನೇ ಸುಳ್ಳು ಹೇಳಿದ್ದು ಅಂದುಕೊಂಡೆ. ಈಗ ನಾಚಿಕೆ ಆಗುತ್ತದೆ. ಮತ್ತೆರಡು ದಿನದಲ್ಲಿ ಇನ್ನೂ ನಾಲ್ಕು ಜನ ಅದೇ ಮಾತು ಹೇಳಿದರು.

ಕಂಪನಿಗೆ ಫೋನ್ ಮಾಡಿದೆ. “ಟೆಸ್ಟ್ ಮಾಡಿದೆವು ಸಾರ್, ಸರಿಯಾಗಿದೆ.” ಮರುದಿನ, “ನಿಮ್ಮ ಊರಲ್ಲಿ ರೇಂಜ್ ಇಲ್ಲ ಸಾರ್.” ರೇಂಜ್ ಇಲ್ಲದೆ ನಿನ್ನ ಹತ್ತಿರ ಮಾತಾಡುವುದು ಹೇಗೆ ಅಂತ ಕೇಳಿದೆ. ಕಟ್ ಮಾಡಿದ. ಮೂರನೇ ದಿನ ಕರೆಗಳ ಪಟ್ಟಿ ಬೇಕೇ ಬೇಕು ಅಂತ ಹಠ ಹಿಡಿದ ಮೇಲೆ ಕಳಿಸಿದರು. ಪ್ಲಸ್ ಟು ಓದುವ ಮಗಳು ನೋಡಿದಳು. ಎರಡನೇ ಲೈನಿಗೆ ಹೋದ ಕರೆಗಳೆಲ್ಲ ಎಂಟು ದಿನದಿಂದ ನನ್ನ ಕಡೆಗೆ ಸೊನ್ನೆ ಸೆಕೆಂಡ್. ಸ್ವಾಗತ ಹೇಳಿದ ಕೂಡಲೇ ಕರೆ ಎತ್ತಿದ ಲೆಕ್ಕ ಅಂತೆ, ಅದಕ್ಕೆ ನನ್ನ ಬ್ಯಾಲೆನ್ಸಿನಿಂದ ದುಡ್ಡು ಬೇರೆ ಹೋಗಿದೆ. ಹತ್ತರಲ್ಲಿ ನಾಲ್ಕು ಕರೆ ಸತ್ತರೂ ಮೂರು ಸಲ ಮಾಡಿದರೆ ಮೂರೂ ಬರುವುದು ಐದರಲ್ಲಿ ಒಂದು ಸಲ ಇದ್ದದ್ದೇ ಅಂತ ಅವಳೇ ಲೆಕ್ಕ ಹಾಕಿ ತೋರಿಸಿದಳು.

ಪುನಃ ಫೋನ್ ಮಾಡಿದೆ. ಆಗ ಬಂದ ಉತ್ತರ ಈಗಲೂ ಕಿವಿಯಲ್ಲಿದೆ. “40 ಪರ್ಸೆಂಟ್ ಕರೆಕ್ಟಾಗಿಯೇ ಕಳಿಸಿದ್ದೇವಲ್ಲ ಸಾರ್. ಹಂಚುವುದು ನಮ್ಮ ಕೆಲಸ. ಆ ಲೈನ್ ಕೆಟ್ಟರೆ ಆ ಕಂಪನಿಯವರು ನೋಡಬೇಕು.” ಹಾಗಾದರೆ ಇನ್ನೊಂದು ಇದೆ ಅಂದದ್ದು? “ಇನ್ನೊಂದು ಇದೆ ಅಂದದ್ದು ಸಾರ್, ಅದಕ್ಕೆ ತಿರುಗುತ್ತದೆ ಅಂತ ಹೇಳಲಿಲ್ಲ. ಅದು ಫೇಲ್‌ಓವರ್, ಬೇರೆ ಪ್ಲ್ಯಾನ್.” ಇನ್ನೊಂದು ಇದೆಯಂತೆ! ಮತ್ತೆ ಈ ಎರಡನೇ ಲೈನ್ ಯಾಕೆ ಅಂದರೆ, ಅದು ಅವರಿಗೆ ಅಗ್ಗಕ್ಕೆ ಸಿಗುತ್ತದೆ. ಆ ಹುಡುಗನೇ ಬಾಯಿ ತಪ್ಪಿ ಹೇಳಿದ್ದು.

ತೆಗೆದುಕೊಳ್ಳಲೇಬೇಕು ಅಂತಿದ್ದರೆ ಒಂದು ಲೈನ್ ಸತ್ತಾಗ ಕರೆ ತಾನಾಗಿ ಇನ್ನೊಂದಕ್ಕೆ ಹೋಗುತ್ತದೆ ಅಂತ ಬರೆದು ಕೊಡಲು ಹೇಳಿ. ಬಾಯಿಮಾತು ಬೇಡವೇ ಬೇಡ. ಮೂರು ಕರೆ ಮಾಡಿ ಬಿಡಬೇಡಿ, ಬೇರೆ ಬೇರೆ ಸಿಮ್ಮಿನಿಂದ ಇಪ್ಪತ್ತಾದರೂ ಮಾಡಿ. ಪ್ರತಿ ಲೈನಿನ ಪಟ್ಟಿ ವಾರ ವಾರ ಕೇಳಿ. ವರ್ಷದ ದುಡ್ಡು ಒಮ್ಮೆಗೇ ಕಟ್ಟಬೇಡಿ, ನನ್ನ ಹಾಗೆ.

1915ಕ್ಕೆ, ಅಂದರೆ ಗ್ರಾಹಕರ ಸಹಾಯವಾಣಿಗೆ, ದೂರು ಕೊಟ್ಟಿದ್ದೇನೆ. ಮೊನ್ನೆ ಆ ಹುಡುಗ ಫೋನ್ ಮಾಡಿ, ಇನ್ನೊಂದು ವರ್ಷಕ್ಕೆ ಈಗಲೇ ಕಟ್ಟಿದರೆ ಫೇಲ್‌ಓವರ್ ಫ್ರೀ ಅಂದ. ಎರಡನೇ ಮದ್ದಿಗೆ ನನ್ನ ಹಳೆ ಮೊಬೈಲ್ ನಂಬರಿಗೇ ಮಾಡಿ. ಬೋರ್ಡು ಇನ್ನೂ ಬದಲಾಗಿಲ್ಲ, ಪೈಂಟರ್ ಬರಬೇಕಷ್ಟೇ.