ಕಂಬದ ಮೇಲಿನ ಗಿಡುಗಕ್ಕೆ ನಿಕಾನ್ 200-500 ಲೆನ್ಸ್

ಬೆಂಗಳೂರಿನ ಹೊರವಲಯದ ಹೆಸರಘಟ್ಟದ ಹುಲ್ಲುಗಾವಲಿನಂತಹ ಬಯಲುಗಳಲ್ಲಿ ಎತ್ತರದ ಮರಗಳು ವಿರಳವಾದ್ದರಿಂದ, ಬೇಟೆಗೆ ಹೊಂಚುಹಾಕುವ ಹಕ್ಕಿಗಳು ವಿದ್ಯುತ್ ಕಂಬ, ತಂತಿ, ಬೇಲಿಯ ಕಲ್ಲುಕಂಬಗಳ ಮೇಲೆಯೇ ಹೆಚ್ಚಾಗಿ ಕೂರುತ್ತವೆ. ನಿಕಾನ್ 2015ರಲ್ಲಿ ಹೊರತಂದ ಎಎಫ್-ಎಸ್ 200-500 ಎಂಎಂ ಎಫ್/5.6 ಜೂಮ್ ಲೆನ್ಸನ್ನು ಡಿ500 ಕ್ಯಾಮೆರಾಕ್ಕೆ ಜೋಡಿಸಿ ನಾನು ಬಹುಮಟ್ಟಿಗೆ ಇಂತಹ ಹಕ್ಕಿಗಳನ್ನೇ ಚಿತ್ರಿಸುತ್ತಿರುವುದರಿಂದ, ಈ ವಿಮರ್ಶೆಯನ್ನೂ ಆ ಬಳಕೆಗಷ್ಟೇ ಸೀಮಿತಗೊಳಿಸಿದ್ದೇನೆ.

ಉದ್ದದ ಲೆನ್ಸ್ ಬೇಕಾಗುವುದು ಹಕ್ಕಿಯನ್ನು ದೊಡ್ಡದಾಗಿ ತೋರಿಸಲೆಂದು ಹಲವರು ಭಾವಿಸುತ್ತಾರೆ. ಕಂಬದ ಹಕ್ಕಿಯ ವಿಷಯದಲ್ಲಿ ಅದಕ್ಕಿಂತ ಮುಖ್ಯವಾದುದು ನೋಟದ ಕೋನ. ಎಂಟು ಮೀಟರ್ ಎತ್ತರದ ಕಂಬದಿಂದ ಹದಿನೈದು ಮೀಟರ್ ದೂರದಲ್ಲಿ ನಿಂತರೆ ಕ್ಯಾಮೆರಾವನ್ನು ಸುಮಾರು 23 ಡಿಗ್ರಿ ಮೇಲಕ್ಕೆತ್ತಬೇಕಾಗುತ್ತದೆ, ಆಗ ಚಿತ್ರದಲ್ಲಿ ಹೊಟ್ಟೆ ಮತ್ತು ಬಾಲದ ಅಡಿಭಾಗವೇ ಎದ್ದು ಕಾಣುತ್ತದೆ. ಕಂಬದಿಂದ ನಲವತ್ತು ಮೀಟರ್ ದೂರಕ್ಕೆ ಸರಿದರೆ ಆ ಕೋನ ಸುಮಾರು 9 ಡಿಗ್ರಿಗೆ ಇಳಿದು, ಹಕ್ಕಿಯ ಮುಖ ಹೆಚ್ಚುಕಡಿಮೆ ನೇರವಾಗಿ ಸಿಗುತ್ತದೆ. ಅಷ್ಟು ದೂರದಿಂದ ಜೂಮಿನ ಗರಿಷ್ಠ ಅಳತೆಯಾದ 500 ಎಂಎಂನಲ್ಲಿ ತೆಗೆದಾಗ, 33 ಸೆಂಟಿಮೀಟರ್ ಉದ್ದದ ಕಪ್ಪು ರೆಕ್ಕೆಯ ಗಿಡುಗವು ಚೌಕಟ್ಟಿನ ಎತ್ತರದ ಕಾಲುಭಾಗವನ್ನಷ್ಟೇ ತುಂಬುತ್ತದೆ, ನಿಜ. ಆದರೆ ಲೆನ್ಸಿನ ಸ್ಪಷ್ಟತೆ ಚೆನ್ನಾಗಿರುವುದರಿಂದ ಚಿತ್ರವನ್ನು ಕತ್ತರಿಸಿದ ಮೇಲೂ ಅದರ ಕೆಂಪು ಕಣ್ಣು ಮತ್ತು ಹುಬ್ಬಿನ ಕಪ್ಪು ಗೆರೆ ಉಳಿಯುತ್ತವೆ. ದೂರ ನಿಂತರೆ ಹಕ್ಕಿಯೂ ಗಾಬರಿಯಾಗುವುದಿಲ್ಲ. ನನ್ನ ಮಟ್ಟಿಗೆ ಈ ಲೆನ್ಸಿನ ದೊಡ್ಡ ಲಾಭ ಇದೇ. ಹಾರುವ ಚಿತ್ರಕ್ಕಾಗಿ ಕಂಬಕ್ಕೆ ಕಲ್ಲೆಸೆಯುವವರನ್ನು, ಹಾರ್ನ್ ಹೊಡೆಯುವವರನ್ನು ಕಂಡಾಗ ನನಗೆ ನಿಜಕ್ಕೂ ನೋವಾಗುತ್ತದೆ. ಈ ಗಿಡುಗ ಸ್ವಲ್ಪ ಹೊತ್ತು ಬಿಟ್ಟು ತಾನಾಗಿಯೇ ಹಾರುತ್ತದೆ, ಅನೇಕ ಸಲ ಅದೇ ಕಂಬಕ್ಕೆ ಮರಳುತ್ತದೆ.

ಫೋಕಸ್ ಕಂಬದ ಹಕ್ಕಿಗೆ ಸಾಕಾಗುವಷ್ಟು ವೇಗವಾಗಿದೆ, ಆದರೆ ಹಾರುವ ಹಕ್ಕಿಯ ಹಿಂದೆ ಓಡುವಾಗ ಆಗಾಗ ಹಿಂದೆ ಬೀಳುತ್ತದೆ. ಹಲವು ಬಿಂದುಗಳನ್ನು ಒಟ್ಟಿಗೆ ಬಳಸಿ ಫೋಕಸ್ ಮಾಡುವ ಗ್ರೂಪ್ ಏರಿಯಾ ಆಯ್ಕೆಯು ಹತ್ತಿರದ ವಸ್ತುವಿಗೆ ಆದ್ಯತೆ ಕೊಡುವುದರಿಂದ, ಮುಂದಿರುವ ತಂತಿಯನ್ನೋ ಪಿಂಗಾಣಿ ಇನ್ಸುಲೇಟರನ್ನೋ ಹಿಡಿದುಬಿಡುತ್ತದೆ. ಆದ್ದರಿಂದ ಒಂದೇ ಬಿಂದುವನ್ನು ಆರಿಸಿ ಕಣ್ಣಿನ ಮೇಲಿಡುವುದು ಉತ್ತಮ. ಬಿಳಿಯ ಮೋಡದ ಹಿನ್ನೆಲೆಯಲ್ಲಿ ಹಕ್ಕಿ ಕಪ್ಪಾಗದಿರಲು ಬೆಳಕನ್ನು ಒಂದು ಸ್ಟಾಪಿನಷ್ಟು, ಅಂದರೆ ಎರಡು ಪಟ್ಟು, ಹೆಚ್ಚಿಸಬೇಕು, ಅದಕ್ಕಿಂತ ಹೆಚ್ಚಿಸಿದರೆ ಎದೆಯ ಬಿಳುಪಿನ ವಿವರಗಳು ಅಳಿಸಿಹೋಗುತ್ತವೆ. ಬಿಸಿಲೇರಿದ ಮೇಲೆ ನೆಲದಿಂದೇಳುವ ಬಿಸಿಗಾಳಿಯಲ್ಲಿ ನಲವತ್ತು ಮೀಟರ್ ದೂರದ ಗರಿಗಳು ಕಲಸಿದಂತೆ ಕಾಣುತ್ತವೆ. ಯಾವ ಲೆನ್ಸೂ ಅದನ್ನು ಸರಿಪಡಿಸಲಾರದು.

ಈ ಲೆನ್ಸಿನ ತೂಕ, ಟ್ರೈಪಾಡಿಗೆ ಜೋಡಿಸುವ ಪಟ್ಟಿಯೂ ಸೇರಿ, ಸುಮಾರು 2.3 ಕಿಲೋ. ಕೈಯಲ್ಲೇ ಹಿಡಿದು ಕಾಯುವುದು ತ್ರಾಸದಾಯಕ. ಎಂಜಿನ್ ನಿಲ್ಲಿಸಿದ ಕಾರಿನ ಕಿಟಕಿಯ ಮೇಲೆ ಅಕ್ಕಿ ತುಂಬಿದ ಚೀಲವಿಟ್ಟು ಅದರ ಮೇಲೆ ಒರಗಿಸಿದರೆ ಕೆಲಸ ಹಗುರವಾಗುತ್ತದೆ, ಕಾರೇ ಮರೆಯೂ ಆಗುತ್ತದೆ. ಕಂಪನ ತಡೆಯುವ ವ್ಯವಸ್ಥೆ ಬಹಳ ಚೆನ್ನಾಗಿದೆ. ಟ್ರೈಪಾಡಿನ ಪಟ್ಟಿ ಮಾತ್ರ ಇಷ್ಟು ಭಾರಕ್ಕೆ ತಕ್ಕಷ್ಟು ಗಟ್ಟಿಯಾಗಿಲ್ಲ, ಗಾಳಿಯಿದ್ದಾಗ ಚಿತ್ರ ಅಲುಗುತ್ತದೆ. ಜೂಮ್ ಉಂಗುರವನ್ನು 200ರಿಂದ 500ಕ್ಕೆ ಒಂದೇ ತಿರುವಿನಲ್ಲಿ ಒಯ್ಯಲಾಗದು.

ನಿಕಾನ್‌ನ ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ) ಝೆಡ್ ಕ್ಯಾಮೆರಾ ಇರುವವರು 2023ರಲ್ಲಿ ಬಂದ 180-600 ಲೆನ್ಸನ್ನು ಕೊಳ್ಳುವುದೇ ಸರಿ. ಅದು ಹಗುರ, ಜೂಮ್ ಮಾಡಿದಾಗ ಉದ್ದವೂ ಆಗುವುದಿಲ್ಲ. ಡಿ500ರಂತಹ, ಕನ್ನಡಿಯಿರುವ ಡಿಎಸ್‌ಎಲ್‌ಆರ್ ಇಟ್ಟುಕೊಂಡಿರುವವರಿಗೆ, ವಿಶೇಷವಾಗಿ ಸೆಕೆಂಡ್ ಹ್ಯಾಂಡ್ ಹುಡುಕುವವರಿಗೆ, 200-500 ಅನ್ನು ನಾನು ಹಿಂಜರಿಕೆಯಿಲ್ಲದೆ ಸೂಚಿಸುತ್ತೇನೆ. ಆದರೆ ಇದರ ಅಪರ್ಚರ್ (ಬೆಳಕನ್ನು ಒಳಬಿಡುವ ರಂಧ್ರ) ವಿದ್ಯುತ್ಕಾಂತೀಯವಾದ್ದರಿಂದ ಡಿ90ರಂತಹ ಹಳೆಯ ಕ್ಯಾಮೆರಾಗಳಲ್ಲಿ ಸರಿಯಾಗಿ ಕೆಲಸ ಮಾಡದು. ಕೊಳ್ಳುವ ಮುನ್ನ ನಿಮ್ಮ ಕ್ಯಾಮೆರಾಕ್ಕೆ ಹಾಕಿ, 500ರಲ್ಲಿ ಒಂದೆರಡು ಚಿತ್ರ ತೆಗೆದು ನೋಡಿ.