ಚಿಪ್ಪೋ, ದೂಳೋ? ಅರಬ್ಬಿ ಸಮುದ್ರದ ಹೂಳಿನಲ್ಲಿ ಹಳೆಯ ಗಾಳಿಯನ್ನು ಹುಡುಕಿದ ಎರಡು ದಾರಿ

ಒಮಾನ್ ಕರಾವಳಿಯಾಚೆ ತೆಗೆದ ಒಂದೇ ಕೋರ್‌ನ (ಸಮುದ್ರತಳದಿಂದ ಕೊಳವೆಯಲ್ಲಿ ಎತ್ತಿದ ಹೂಳಿನ ಕಂಬದ) ಹೂಳನ್ನು ಎರಡು ಪಾಲು ಮಾಡಿ, ಒಂದರಲ್ಲಿ ಚಿಪ್ಪು ಎಣಿಸಿದೆ, ಇನ್ನೊಂದರಲ್ಲಿ ದೂಳು ಅಳೆದೆ. ಎರಡಕ್ಕೂ ಕೇಳಿದ್ದು ಒಂದೇ ಪ್ರಶ್ನೆ: ಕಳೆದ 20,000 ವರ್ಷಗಳಲ್ಲಿ ನೈರುತ್ಯ ಮಾರುತ ಯಾವಾಗ ಬಲಿಯಿತು, ಯಾವಾಗ ಸೊರಗಿತು? ನಮ್ಮ ಕರಾವಳಿಗೆ ಮುಂಗಾರು ಹೊತ್ತು ತರುವುದೂ ಇದೇ ಗಾಳಿ.

ಚಿಪ್ಪಿನ ಲೆಕ್ಕಾಚಾರ ಸರಳ. ನೈರುತ್ಯ ಮಾರುತ ಬೀಸಿದಾಗ ಒಮಾನ್ ಬಳಿಯ ಮೇಲ್ನೀರು ತೀರದಿಂದ ಆಚೆ ಸರಿಯುತ್ತದೆ, ಆಳದ ತಣ್ಣೀರು ಪೋಷಕಾಂಶ ಹೊತ್ತು ಮೇಲೇರುತ್ತದೆ. ಆಗ ಗ್ಲೋಬಿಜೆರಿನಾ ಬುಲಾಯ್ಡಿಸ್ ಎಂಬ, ಸುಣ್ಣದ ಚಿಪ್ಪಿನ ಏಕಕೋಶ ಜೀವಿ ವಿಪರೀತ ಹೆಚ್ಚುತ್ತದೆ. ಅದು ಮೂಲತಃ ತಣ್ಣೀರಿನದು. ಉಷ್ಣವಲಯದಲ್ಲಿ ಅದು ರಾಶಿಯಾಗಿ ಸಿಕ್ಕಿತೆಂದರೆ ಅಲ್ಲಿ ಆಳದ ನೀರು ಮೇಲೆ ಬಂದಿದೆ ಎಂದೇ ಅರ್ಥ.

ಕೆಲಸ ಮಾತ್ರ ಸರಳವಲ್ಲ. ಹೂಳನ್ನು 63 ಮೈಕ್ರಾನ್ ಜರಡಿಯಲ್ಲಿ ತೊಳೆದು, ಒಣಗಿಸಿ, 150 ಮೈಕ್ರಾನ್‌ಗಿಂತ ದೊಡ್ಡವನ್ನು ಬೇರ್ಪಡಿಸಿ, ಪ್ರತಿ ಮಾದರಿಗೆ ಕನಿಷ್ಠ 300 ಚಿಪ್ಪು ಎಣಿಸಬೇಕು. ಒದ್ದೆ ಕುಂಚದ ತುದಿಗೆ ಅಂಟಿಸಿ ಒಂದೊಂದನ್ನೇ ತಿರುಗಿಸುತ್ತಿದ್ದೆ. ನಾಲ್ಕು ಗುಂಡು ಕೋಣೆ, ನಡುವೆ ಕಮಾನಿನಂಥ ಅಗಲ ಬಾಯಿ ಇದ್ದರೆ ಬುಲಾಯ್ಡಿಸ್. ಬಾಯಿಯ ಅಂಚಿನಲ್ಲಿ ತೆಳ್ಳನೆಯ ತುಟಿ ಕಂಡರೆ ಅದು ಅದರ ಹತ್ತಿರದ ಬಂಧು ಫಾಲ್ಕೊನೆನ್ಸಿಸ್. ಈ ಸಮುದ್ರದಲ್ಲಿ ಅದು ಚಳಿಗಾಲದ ಈಶಾನ್ಯ ಮಾರುತದ ಕಡೆಯ ಸಾಕ್ಷಿ. ಆ ತುಟಿ ತಪ್ಪಿಹೋದರೆ ಬೇಸಿಗೆ ಗಾಳಿಯ ಲೆಕ್ಕಕ್ಕೆ ಚಳಿಗಾಲದ ಗಾಳಿ ಸೇರಿಬಿಡುತ್ತದೆ. ಒಂದು ಮಾದರಿಗೆ ಅರ್ಧ ದಿನ ಹೋಗುತ್ತಿತ್ತು.

ದೂಳಿನ ಕಡೆ ಹೋದರೆ ವೇಗವೇ ವೇಗ. ಅಸಿಟಿಕ್ ಆಮ್ಲದಲ್ಲಿ ಸುಣ್ಣ ಕರಗಿಸು, ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ಜೈವಿಕಾಂಶ ತೆಗೆ, ಸೋಡಿಯಂ ಕಾರ್ಬೊನೇಟ್‌ನಲ್ಲಿ ಸಿಲಿಕಾ ಚಿಪ್ಪು ಕರಗಿಸು, ಉಳಿದದ್ದನ್ನು ಲೇಸರ್ ಯಂತ್ರಕ್ಕೆ ಹಾಕು. ಕೆಲವೇ ನಿಮಿಷದಲ್ಲಿ ಕಣಗಳ ಗಾತ್ರ ಬಂತು. ಕಣ ದೊಡ್ಡದಾದಷ್ಟೂ ಅದನ್ನು ಹೊತ್ತ ಗಾಳಿ ಬಿರುಸು ಎನ್ನುವುದು ತರ್ಕ. 1990ರಲ್ಲಿ ಕ್ಲೆಮೆನ್ಸ್ ಮತ್ತು ಪ್ರೆಲ್ ಎಂಬ ವಿಜ್ಞಾನಿಗಳು ಈ ಸಮುದ್ರದ ಹಳೆಯ ಗಾಳಿಯನ್ನು ಓದಿದ್ದು ಹೀಗೇ.

ಮೊದಲ ಸುತ್ತಿನಲ್ಲಿ ನನ್ನ ಕಣಗಳು ಚಿಪ್ಪಿನ ರೇಖೆಯ ಜೊತೆಜೊತೆಗೇ ಏರಿದವು, ಖುಷಿಯಾಯಿತು. ಆಮೇಲೆ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅರೆಬರೆ ಕರಗಿದ ಡಯಾಟಮ್ (ಸಿಲಿಕಾ ಚಿಪ್ಪಿನ ಸೂಕ್ಷ್ಮ ಪಾಚಿ) ಕವಚಗಳು! ಆಳದ ನೀರು ಏರುವಲ್ಲಿ ಡಯಾಟಮ್‌ಗೆ ಬರವಿಲ್ಲ. ಸೋಡಿಯಂ ಕಾರ್ಬೊನೇಟ್ ಹಂತವನ್ನು ನಾನು ಅವಸರದಲ್ಲಿ ಮುಗಿಸಿದ್ದೆ. ಅಷ್ಟನ್ನೂ ಮತ್ತೆ ಮಾಡಬೇಕಾಯಿತು.

ಶುದ್ಧ ಮಾಡಿದ ಮೇಲೂ ಒಂದು ಮೂಲಭೂತ ತೊಡಕು ಉಳಿಯಿತು. ಬೇಸಿಗೆಯಲ್ಲಿ ಅರೇಬಿಯಾದ ದೂಳು ಬರುವುದು ಹೆಚ್ಚಾಗಿ ವಾಯವ್ಯದ ಗಾಳಿಯಲ್ಲಿ. ಅದು ಕೆಳಗಿನ ನೈರುತ್ಯ ಮಾರುತದ ಮೇಲೇರಿ ಸಮುದ್ರದ ಮೇಲೆ ಹರಡುತ್ತದೆ. ಅಂದರೆ ನಾನು ಕೇಳಿದ ಗಾಳಿಯ ಬಗ್ಗೆ ಬೇರೆ ಗಾಳಿ ಉತ್ತರಿಸುತ್ತಿತ್ತು. ಹಿಮಯುಗದ ಪದರಗಳಲ್ಲಿ ಚಿಪ್ಪು ಕಡಿಮೆ, ದೂಳು ಧಾರಾಳ. ಆಗ ಸಮುದ್ರಮಟ್ಟ ಸುಮಾರು 120 ಮೀಟರ್ ಇಳಿದು ಪರ್ಷಿಯನ್ ಕೊಲ್ಲಿಯ ತಳವೇ ಒಣಗಿತ್ತು. ಆ ದೂಳೆಲ್ಲ ಗಾಳಿಯ ಬಲದಿಂದಲೇ ಬಂತು ಎನ್ನುವುದು ಹೇಗೆ?

ಹಾಗಂತ ದೂಳನ್ನು ಬಿಡುವಂತಿಲ್ಲ. ಬುಲಾಯ್ಡಿಸ್ ಬಲ ಹೇಳುತ್ತದೆ, ಗಾಳಿ ಎಲ್ಲಿಂದ ಬಂತು ಎಂದು ಹೇಳುವುದಿಲ್ಲ. ಡಾಲೊಮೈಟ್, ಪ್ಯಾಲಿಗೋರ್ಸ್ಕೈಟ್‌ನಂಥ ಖನಿಜಗಳು ದೂಳಿನ ತವರನ್ನು ತೋರಿಸುತ್ತವೆ. ಉತ್ತರದಿಂದ ದಕ್ಷಿಣಕ್ಕೆ ಸಾಲು ಕೋರ್‌ಗಳಿದ್ದರೆ ಎರಡು ಗಾಳಿ ಸಂಧಿಸುವ ಗಡಿ ಎತ್ತ ಸರಿಯಿತು ಎಂದು ಹುಡುಕಬಹುದು. ನನ್ನ ಬಳಿ ಇದ್ದದ್ದು ಒಂದೇ.

ಇದನ್ನೇ ಮಂಗಳೂರಿನಾಚೆ ಮಾಡಬಾರದೇ ಎಂದು ಊರಲ್ಲಿ ಕೇಳುತ್ತಾರೆ. ಅಲ್ಲಿ ನೇತ್ರಾವತಿಯ ಹೂಳು ದೂಳನ್ನು ಮುಚ್ಚಿಹಾಕುತ್ತದೆ. ನಮ್ಮ ತೀರದಲ್ಲಿ ಆಳದ ನೀರು ಮೇಲೇರುವುದಕ್ಕೂ ಸ್ಥಳೀಯ ಗಾಳಿಯೊಂದೇ ಕಾರಣವಲ್ಲ. ಬಂಗಾಳ ಕೊಲ್ಲಿಯ ಕಡೆಯಿಂದ ತೀರಗುಂಟ ಬರುವ ಅಲೆಗಳ ಪಾಲೂ ಇದೆ.

ಒಮಾನ್ ಬಳಿಯ ಒಂದೇ ಕೋರ್, ಒಂದೇ ವಿಧಾನ ಎಂದಾದರೆ ನಾನು ಕೂರುವುದು ಕುಂಚ ಹಿಡಿದೇ. ಅಲ್ಲೇ 1987ರಲ್ಲಿ, 808 ಮೀಟರ್ ನೀರಿನಡಿ ಅಂತರರಾಷ್ಟ್ರೀಯ ಸಾಗರ ಕೊರೆತ ಯೋಜನೆ (ODP) ಕೊರೆದ 723ನೇ ತಾಣದಲ್ಲಿ ಅನಿಲ್ ಗುಪ್ತಾ ಮತ್ತು ಜೊತೆಗಾರರು ಇದೇ ಚಿಪ್ಪನ್ನು ಎಣಿಸಿ, 2003ರಲ್ಲಿ ಹೊಲೊಸೀನ್‌ನ (ಹಿಮಯುಗದ ನಂತರದ ಕಾಲದ) ಮುಂಗಾರಿನ ಏರಿಳಿತ ಪ್ರಕಟಿಸಿದರು. ಇನ್ನೂ ಆಳದ ನೀರಿನ ತಾಣಕ್ಕೆ ಹೋದರೆ ತೆಳು ಚಿಪ್ಪುಗಳು ಮೊದಲು ಕರಗಿಹೋಗುತ್ತವೆ. ಅಲ್ಲಿ ದೂಳಿನದೇ ಸರದಿ.