ಒಬ್ಬ ಡಿಲನ್, ಆರು ಡಿಲನ್: ಯಾವ ಸಿನಿಮಾ ಮೊದಲು ನೋಡಬೇಕು?

ಅಮೆರಿಕದ ಗಾಯಕ, ಗೀತರಚನಕಾರ ಬಾಬ್ ಡಿಲನ್ ಬದುಕಿನ ಮೇಲೆ ಎರಡು ದೊಡ್ಡ ಕಥಾಚಿತ್ರಗಳಿವೆ. ಟಾಡ್ ಹೇನ್ಸ್ ಅವರ ‘ಐಯಾಮ್ ನಾಟ್ ದೇರ್’ (2007) ಮತ್ತು ಜೇಮ್ಸ್ ಮ್ಯಾಂಗೋಲ್ಡ್ ಅವರ ‘ಎ ಕಂಪ್ಲೀಟ್ ಅನ್‌ನೋನ್’ (2024). ಎರಡನ್ನೂ ಬೆನ್ನುಬೆನ್ನಿಗೆ ನೋಡಿದರೆ, ಮೊದಲನೆಯದನ್ನು ‘ಅರ್ಥವಾಗದ ಸಿನಿಮಾ’ ಎಂದವರ ದೂರು ಎಲ್ಲಿ ಸರಿ, ಎಲ್ಲಿ ತಪ್ಪು ಎನ್ನುವುದು ತಿಳಿಯುತ್ತದೆ.

ಮ್ಯಾಂಗೋಲ್ಡ್ ಚಿತ್ರ 1961ರಿಂದ 1965ರವರೆಗಿನ ಕಥೆ. ಆಸ್ಪತ್ರೆಯಲ್ಲಿರುವ ಹಿರಿಯ ಜಾನಪದ ಗಾಯಕ ವುಡಿ ಗತ್ರಿಯನ್ನು ಕಾಣಲು ಬಂದ ಹುಡುಗ ನ್ಯೂಪೋರ್ಟ್ ಜಾನಪದ ಉತ್ಸವದಲ್ಲಿ, ಹಳೆಯ ಜಾನಪದ ಶೈಲಿಯನ್ನೇ ಬಯಸಿದ್ದ ಸಭಿಕರ ಮುಂದೆ, ಎಲೆಕ್ಟ್ರಿಕ್ ಗಿಟಾರ್ ಹಿಡಿಯುವಲ್ಲಿಗೆ ಕಥೆ ತಲುಪುತ್ತದೆ. ಡಿಲನ್ ಪಾತ್ರದ ಟಿಮೊಥಿ ಶಾಲಮೆ ಹಾಡುಗಳನ್ನು ತಾವೇ ಹಾಡಿದ್ದಾರೆ; ಆ ಶ್ರಮ ತೆರೆಯ ಮೇಲೆ ಕಾಣುತ್ತದೆ. 8 ಆಸ್ಕರ್ ನಾಮನಿರ್ದೇಶನ ಬಂದವು, ಒಂದೂ ಗೆಲ್ಲಲಿಲ್ಲ. ನಟನೆಯನ್ನು ಹೊಗಳಿದ ವಿಮರ್ಶಕರಲ್ಲೇ ಹಲವರು ಡಿಲನ್ ಮನಸ್ಸಿನೊಳಗೆ ಚಿತ್ರ ಇಳಿಯಲಿಲ್ಲ ಎಂದರು. ಆ ಮಾತು ನಿಜ. ಇನ್ನೊಂದು ಎಚ್ಚರಿಕೆ: ಸಭಿಕನೊಬ್ಬ ಡಿಲನ್‌ರತ್ತ ‘ಜೂಡಾಸ್’ (ಯೇಸುವಿಗೆ ದ್ರೋಹ ಬಗೆದ ಶಿಷ್ಯ; ಅಂದರೆ ದ್ರೋಹಿ) ಎಂದು ಕೂಗಿದ್ದು 1966ರ ಮೇ 17ರಂದು, ಮ್ಯಾಂಚೆಸ್ಟರ್‌ನಲ್ಲಿ. ಚಿತ್ರ ಅದನ್ನು 1965ರ ನ್ಯೂಪೋರ್ಟ್‌ಗೆ ತಂದಿದೆ. ನೇರ ಕಥೆ ಹೇಳುತ್ತದೆ ಎಂದಮಾತ್ರಕ್ಕೆ ಅದನ್ನು ಇತಿಹಾಸ ಎಂದು ನಂಬಬಾರದು.

ಹೇನ್ಸ್ ಹಿಡಿದ ದಾರಿಯೇ ಬೇರೆ. ಡಿಲನ್‌ರ ಒಂದೊಂದು ಮುಖಕ್ಕೆ ಒಬ್ಬರಂತೆ ಆರು ಮಂದಿ ನಟರು, ಆರು ಹೆಸರು. ಯಾವ ಪಾತ್ರಕ್ಕೂ ಡಿಲನ್ ಎಂಬ ಹೆಸರಿಲ್ಲ. ಗೂಡ್ಸ್ ರೈಲು ಹತ್ತಿ ತಿರುಗುವ, ತನ್ನ ಹೆಸರು ವುಡಿ ಗತ್ರಿ ಎನ್ನುವ ಕಪ್ಪು ಹುಡುಗ. ಪ್ರತಿಭಟನೆಯ ಗಾಯಕನಾಗಿದ್ದು ಮುಂದೆ ಕ್ರೈಸ್ತ ಬೋಧಕನಾಗುವ ಜ್ಯಾಕ್. ಸಂಸಾರ ಮುರಿದುಕೊಳ್ಳುವ ನಟ ರಾಬಿ. ಕೇಟ್ ಬ್ಲಾಂಚೆಟ್ ಮಾಡಿದ ಜೂಡ್ ಭಾಗ ಕಪ್ಪುಬಿಳುಪಿನಲ್ಲಿದೆ. 1966ರ ಇಂಗ್ಲೆಂಡ್ ಪ್ರವಾಸದ ಡಿಲನ್ ಅದು: ಒಣಗಿದ ಮೈ, ಕೆದರಿದ ಕೂದಲು, ಪ್ರಶ್ನೆ ಕೇಳಿದವರಿಗೇ ತಿರುಗಿ ಪ್ರಶ್ನೆ. ವೆನಿಸ್ ಚಿತ್ರೋತ್ಸವದಲ್ಲಿ ಬ್ಲಾಂಚೆಟ್‌ಗೆ ಶ್ರೇಷ್ಠ ನಟಿ ಪ್ರಶಸ್ತಿ, ಚಿತ್ರಕ್ಕೆ ತೀರ್ಪುಗಾರರ ವಿಶೇಷ ಪ್ರಶಸ್ತಿ ಬಂತು. ನ್ಯೂಪೋರ್ಟ್ ಎರಡು ಚಿತ್ರಗಳಲ್ಲೂ ಇದೆ. ಮ್ಯಾಂಗೋಲ್ಡ್ ಅಲ್ಲಿ ಗದ್ದಲವನ್ನು ತೋರಿಸುತ್ತಾರೆ. ಹೇನ್ಸ್ ಚಿತ್ರದಲ್ಲಿ ವಾದ್ಯದವರು ಮೆಷಿನ್‌ಗನ್ ಎತ್ತಿ ಸಭಿಕರತ್ತ ಗುಂಡು ಹಾರಿಸುತ್ತಾರೆ. ಜನರಿಗೆ ಆ ಶಬ್ದ ಹೇಗೆ ಬಡಿಯಿತು ಎನ್ನುವುದು ಈ ಕೆಲವು ಸೆಕೆಂಡುಗಳಲ್ಲೇ ಹೆಚ್ಚು ತಿಳಿಯುತ್ತದೆ.

ಟೀಕೆ ಹೆಚ್ಚು ಬಿದ್ದದ್ದು ರಿಚರ್ಡ್ ಗೇರ್ ಅವರ, ಅಮೆರಿಕದ ಹಳೆಯ ಕಾಲದ ದರೋಡೆಕೋರ ಬಿಲ್ಲಿ ದ ಕಿಡ್ ಭಾಗದ ಮೇಲೆ. ಜೂಡ್ ಭಾಗದ ಓಟದ ಪಕ್ಕದಲ್ಲಿ ಇದು ತೆವಳುತ್ತದೆ, ಒಪ್ಪಬೇಕು. ಆದರೆ ‘ಇದಕ್ಕೂ ಡಿಲನ್‌ಗೂ ಏನು ಸಂಬಂಧ’ ಎಂಬ ಪ್ರಶ್ನೆ ನಿಲ್ಲದು. 1973ರಲ್ಲಿ ಸ್ಯಾಮ್ ಪೆಕಿನ್‌ಪಾ ಬಿಲ್ಲಿಯ ಕಥೆಯನ್ನು ಸಿನಿಮಾ ಮಾಡಿದಾಗ ಡಿಲನ್ ಅದರಲ್ಲಿ ನಟಿಸಿ, ಸಂಗೀತವನ್ನೂ ಕೊಟ್ಟಿದ್ದರು. ಅದರಲ್ಲಿ ಬಿಲ್ಲಿಯಾಗಿದ್ದ ಕ್ರಿಸ್ ಕ್ರಿಸ್ಟೋಫರ್‌ಸನ್ ಅವರದೇ ಇಲ್ಲಿ ನಿರೂಪಣೆಯ ದನಿ. ಜೂಡ್‌ನನ್ನು ಕಾಡುವ ಪತ್ರಕರ್ತನನ್ನೂ ಬಿಲ್ಲಿಯ ಬೆನ್ನುಹತ್ತುವ ಶೆರಿಫ್ ಪ್ಯಾಟ್ ಗ್ಯಾರೆಟ್‌ನನ್ನೂ ಮಾಡಿದ್ದು ಒಬ್ಬನೇ ನಟ, ಬ್ರೂಸ್ ಗ್ರೀನ್‌ವುಡ್. ಆ ಮುಖದ ಮೇಲೆ ಕಣ್ಣಿಟ್ಟರೆ ಎರಡು ಭಾಗಗಳ ಕೊಂಡಿ ಸಿಗುತ್ತದೆ.

ಡಿಲನ್ ಗೊತ್ತಿಲ್ಲದವರಿಗೆ ಇದು ಕಷ್ಟ ಎಂಬ ದೂರು ಮಾತ್ರ ಸರಿ. ಹೆಸರು, ಇಸವಿ ಯಾವುದನ್ನೂ ಚಿತ್ರ ಕೈಹಿಡಿದು ಹೇಳಿಕೊಡುವುದಿಲ್ಲ. ಹಾಗಾಗಿ ಹೊಸಬರು ಮೊದಲು ಮ್ಯಾಂಗೋಲ್ಡ್ ಚಿತ್ರ ನೋಡುವುದು ಒಳ್ಳೆಯದು. ಪುರಸೊತ್ತು ಇದ್ದರೆ ಅದರ ಬದಲು ನಿರ್ದೇಶಕ ಮಾರ್ಟಿನ್ ಸ್ಕೊರ್ಸೆಸಿ ಅವರ 208 ನಿಮಿಷದ ಸಾಕ್ಷ್ಯಚಿತ್ರ ‘ನೋ ಡೈರೆಕ್ಷನ್ ಹೋಮ್’ (2005) ಇನ್ನೂ ಉತ್ತಮ. ಮ್ಯಾಂಚೆಸ್ಟರ್‌ನ ಆ ‘ಜೂಡಾಸ್’ ಕೂಗು ಅಲ್ಲಿ ಅಂದಿನ ಮೂಲ ಚಿತ್ರಣದಲ್ಲೇ ಇದೆ. ಆಮೇಲೆ ಮೂರು ಆಲ್ಬಂ ಕೇಳಿ: ‘ಹೈವೇ 61 ರೀವಿಸಿಟೆಡ್’ (1965), ‘ಬ್ಲಡ್ ಆನ್ ದ ಟ್ರ್ಯಾಕ್ಸ್’ (1975), ‘ಸ್ಲೋ ಟ್ರೇನ್ ಕಮಿಂಗ್’ (1979). ಜೂಡ್, ರಾಬಿ, ಬೋಧಕ ಜ್ಯಾಕ್ ಮೂವರ ಹಿನ್ನೆಲೆಯೂ ಇವುಗಳಲ್ಲಿದೆ. ಇಷ್ಟಾದ ಮೇಲೆ ಹೇನ್ಸ್ ಚಿತ್ರದ 135 ನಿಮಿಷಕ್ಕೆ ಕೂರಬಹುದು. ನಡುವೆ ನಿಲ್ಲಿಸಿ ಮರುದಿನ ಮುಂದುವರಿಸಿದರೆ ಆರು ಎಳೆಗಳೂ ಕೈತಪ್ಪುತ್ತವೆ. ಒಂದೇ ಕೂರಿಕೆಯಲ್ಲಿ ನೋಡಬೇಕು. ಕೊನೆಯ ದೃಶ್ಯದವರೆಗೂ ಏಳಬೇಡಿ: ಆರು ಮಂದಿಯ ನಂತರ ನಿಜವಾದ ಡಿಲನ್ ಅಲ್ಲಿ ಹಾರ್ಮೋನಿಕಾ ನುಡಿಸುತ್ತಾರೆ.